ಕುಲುಕದ ಗಾಡಿ: ಹಳೆಯ ಕಾರಿನ ಒಂದು ಚರಿತ್ರೆ



ಚರಿತ್ರೆ ಎಂದೊಡನೆ ಶಾಸನ, ತಾಮ್ರಪಟ, ಕೋಟೆಕೊತ್ತಲಗಳು ನಿಮ್ಮ ಕಣ್ಣ ಮುಂದೆ ಬರುವುದು ಸಹಜ. ಆದರೆ ನಿಮ್ಮ ಬೀದಿಯಲ್ಲಿ ಹೊಂಗೆಮರದ ನೆರಳಿಗೆ ನಿಂತಿರುವ ಹಳೆಯ ಕಾರು ಕೂಡ ಒಂದು ದಾಖಲೆಯೇ. ಅದನ್ನು ಯಾವ ಕಾಲದಲ್ಲಿ, ಯಾವ ರಸ್ತೆಗಾಗಿ, ಎಂಥ ಕಾನೂನುಗಳ ನಡುವೆ ತಯಾರಿಸಿದರು ಎಂಬುದು ಅದರ ರಚನೆಯಲ್ಲಿದೆ. ಆಮೇಲೆ ಅದು ಯಾರ ಕೈಯಲ್ಲಿ ಹೇಗೆ ಬಾಳಿತು ಎಂಬುದು ಅದರ ಮೈಮೇಲಿದೆ. ಓದುವ ಕಣ್ಣು ನಿಮ್ಮಲ್ಲಿರಬೇಕು, ಅಷ್ಟೆ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಅಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಗಳಲ್ಲಿ, ಎಷ್ಟೋ ಮನೆಗಳಿಗೆ ಬಂದ ಮೊದಲ ಕಾರು ಸೆಕೆಂಡ್ ಹ್ಯಾಂಡ್ ಕಾರು. ಹಲವು ವರ್ಷಗಳ ಉಳಿತಾಯ ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯ ಮಾತುಕತೆಯಲ್ಲಿ ಕೈ ಬದಲಾಗುತ್ತದೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಮೀಟರು ನೋಡುತ್ತಾರೆ, ಎಂಜಿನ್ನಿನ ಸದ್ದು ಕೇಳುತ್ತಾರೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ವಿಚಾರಿಸುತ್ತಾರೆ. ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸೊಂಟ ನೋಯದಂತೆ ಮೈಸೂರಿಗೆ ಹೋಗಿ ಬರಬಹುದೇ, ನಾಲ್ಕು ವರ್ಷ ಕಳೆದ ಮೇಲೂ ಈ ಗಾಡಿಯ ಕೀಲಿಕೈ ಹಿಡಿಯಲು ಮನಸ್ಸು ಬರುತ್ತದೆಯೇ ಎಂದು ಕೇಳುವವರು ಕಡಿಮೆ. ಮನೆಯಲ್ಲಿ ಇಂಥ ಮಾತು ನಡೆಯುವಾಗ ಈ ಪ್ರಶ್ನೆಯನ್ನು ನೀವೇ ಎತ್ತಬಹುದು. ಅದಕ್ಕೆ ಉತ್ತರ ಹುಡುಕಲು ಚರಿತ್ರೆ ಸಹಾಯ ಮಾಡುತ್ತದೆ.

ಸವಾರಿಯ ಸುಖ ಎಂಬುದು ಕಾರಿಗಿಂತ ಹಳೆಯ ಪ್ರಶ್ನೆ. ಎತ್ತಿನ ಗಾಡಿಯಲ್ಲಿ ಅಚ್ಚು ನೇರವಾಗಿ ಗಾಡಿಯ ಮೈಗೆ ಕೂತಿರುತ್ತದೆ; ಚಕ್ರಕ್ಕೆ ಬಿದ್ದ ಪೆಟ್ಟು ಬೆನ್ನಿಗೂ ಬೀಳುತ್ತದೆ. ಗಾಡಿಯೊಳಗೆ ಹುಲ್ಲು ಹಾಸುವುದೊಂದೇ ಪರಿಹಾರವಾಗಿತ್ತು. 1804ರಲ್ಲಿ ಲಂಡನ್ನಿನ ಒಬಡಾಯ ಎಲಿಯಟ್ ಎಂಬಾತ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ ಹಕ್ಕುಪತ್ರ ಪಡೆದ. ಕುದುರೆಗಾಡಿಗಳ ಸ್ವರೂಪವೇ ಅದರಿಂದ ಬದಲಾಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಯೋಚಿಸಿದ ಗಾಳಿ ತುಂಬಿದ ಟೈರು ಎರಡನೆಯ ಹೆಜ್ಜೆ. ಇಂದಿಗೂ ರಸ್ತೆಯ ಪೆಟ್ಟನ್ನು ಮೊದಲು ಎದುರಿಸುವುದು ಟೈರೊಳಗಿನ ಗಾಳಿಯೇ ಎಂಬುದನ್ನು ಮರೆಯಬೇಡಿ.

ಮೂರನೆಯ ಹೆಜ್ಜೆ 1930ರ ದಶಕದ್ದು. ರೋಲ್ಸ್ ರಾಯ್ಸ್‌ನಲ್ಲಿದ್ದು ಅಮೆರಿಕದ ಕ್ಯಾಡಿಲಾಕ್ ಕಂಪನಿಗೆ ಬಂದ ಮಾರಿಸ್ ಆಲಿ ಎಂಬ ಎಂಜಿನಿಯರು, ಕಾರು ಮುಂದೆ ಹಿಂದೆ ತೊಟ್ಟಿಲಿನಂತೆ ತೂಗುವುದು ಏಕೆ ಎಂದು ಪ್ರಯೋಗ ಮಾಡಿ ನೋಡಿದ. ಹಂಪು ಬಂದಾಗ ಮುಂದಿನ ಚಕ್ರ ಮೊದಲು ಹತ್ತುತ್ತದೆ, ಹಿಂದಿನದು ಕ್ಷಣ ತಡವಾಗಿ ಹತ್ತುತ್ತದೆ. ಮುಂದಿನ ಸ್ಪ್ರಿಂಗು ಮೆತ್ತಗಿದ್ದು ಹಿಂದಿನದು ಸ್ವಲ್ಪ ಬಿರುಸಾಗಿದ್ದರೆ ಹಿಂಭಾಗ ಬೇಗ ಚಲಿಸಿ ಮುಂಭಾಗವನ್ನು ಕೂಡಿಕೊಳ್ಳುತ್ತದೆ, ಗಾಡಿ ತೂಗದೆ ಸಮನಾಗಿ ಏರಿ ಇಳಿಯುತ್ತದೆ ಎಂದು ಆತ ತೋರಿಸಿದ. ಸ್ಪ್ರಿಂಗಿನ ಮೇಲೆ ಕುಳಿತ ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲದಷ್ಟು ನಿಧಾನವಾಗಿ ತೂಗಿದರೆ ನಮ್ಮ ದೇಹಕ್ಕೆ ಹಿತ. ನಡೆಯುವಾಗಿನ ನಮ್ಮ ಮೈಯ ಲಯ ಅದಕ್ಕಿಂತ ಬಹಳ ದೂರದ್ದಲ್ಲ.

ಆದರೆ ಸ್ಪ್ರಿಂಗು ಮಾತ್ರ ಇದ್ದರೆ ಒಮ್ಮೆ ಕುಲುಕಿದ ಗಾಡಿ ಕುಲುಕುತ್ತಲೇ ಇರುತ್ತದೆ. ಆ ಕುಣಿತವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಹೆಸರು ಪೆಟ್ಟು ಹೀರುವುದೆಂದಿದ್ದರೂ ಅದರ ನಿಜವಾದ ಕೆಲಸ ಸ್ಪ್ರಿಂಗಿಗೆ ಕಡಿವಾಣ ಹಾಕುವುದು. ಸುಖದ ಸವಾರಿ ಮತ್ತು ಓಡಿಸುವ ಸಂತೋಷ ಇವೆರಡೂ ಕೂಡುವ ಜಾಗ ಇದೇ. ತೀರ ಮೆತ್ತಗಿನ ಗಾಡಿ ಮೊದಲ ಹತ್ತು ನಿಮಿಷ ಸೋಫಾದಂತೆ ಅನ್ನಿಸುತ್ತದೆ. ಮೈಸೂರು ರಸ್ತೆಯ ವೇಗದಲ್ಲಿ ಅದೇ ಗಾಡಿ ದೋಣಿಯಂತೆ ಓಲಾಡಿ ಹಿಂದೆ ಕುಳಿತವರಿಗೆ ವಾಕರಿಕೆ ತರುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಭಾರತದಲ್ಲೇ ಕಾರು ತಯಾರಾಗಬೇಕೆಂದು ಮೊದಲು ಪಟ್ಟು ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು ಎಂಬುದು ನಿಮಗೆ ಗೊತ್ತೇ? ಕೃಷ್ಣರಾಜಸಾಗರದ ಮಾತು ಎಲ್ಲರೂ ಹೇಳುತ್ತಾರೆ, ಈ ಮಾತು ಹೇಳುವವರು ವಿರಳ. 1930ರ ದಶಕದ ಮಧ್ಯಭಾಗದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆಯನ್ನೇ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೊದಲು ಮುಂಬಯಿಯಲ್ಲಿ ಪ್ರಯತ್ನವಾಯಿತು. ಅದಕ್ಕೆ ಒಲವು ತೋರಿದ್ದ ಅಲ್ಲಿನ ಕಾಂಗ್ರೆಸ್ ಮಂತ್ರಿಮಂಡಲ 1939ರಲ್ಲಿ ರಾಜೀನಾಮೆ ಕೊಟ್ಟಿತು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕಾರ್ಖಾನೆ ಬೆಂಗಳೂರಿಗೆ ಬರಲಿ, ಸಂಸ್ಥಾನ ನೆರವು ಕೊಡುತ್ತದೆ ಎಂದರು. ಆದರೆ ಯುದ್ಧದ ಕಾರಣ ಮುಂದೊಡ್ಡಿ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ವಿಚಿತ್ರವೆಂದರೆ, ಅದೇ ವಾಲ್‌ಚಂದರು ಅದೇ ಮೈಸೂರು ಸಂಸ್ಥಾನದೊಂದಿಗೆ ಕೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಲು ಅಡ್ಡಿಯಾಗಲಿಲ್ಲ. ಯುದ್ಧಕ್ಕೆ ವಿಮಾನ ಬೇಕಿತ್ತು, ಕಾರು ಬೇಕಿರಲಿಲ್ಲ. ಕಾರಿನ ಕನಸು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ರೂಪ ತಳೆಯಿತು. ಮುಂದೆ ರಾಜಾಜಿನಗರದ ಬೀದಿಗಳಲ್ಲಿ ಓಡಾಡಿದ ಫಿಯಟ್ ಕಾರುಗಳು ಬಂದದ್ದು ಅಲ್ಲಿಂದ. ನಮ್ಮಲ್ಲೇ ಹುಟ್ಟಬಹುದಾಗಿದ್ದ ಗಾಡಿಯನ್ನು ನಾವು ಹೊರಗಿನಿಂದ ಕೊಂಡೆವು.

ಸ್ವಾತಂತ್ರ್ಯಾನಂತರ, 1953ರ ಸುಂಕ ಆಯೋಗದ ವರದಿಯ ಮೇಲೆ, ಬಿಡಿಭಾಗ ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು ಅಂಗಡಿ ಮುಚ್ಚಿದವು. ಉಳಿದದ್ದು ಮುಖ್ಯವಾಗಿ ಮೂರು ಕಾರುಗಳು. ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಮಾಡಿದ ಅಂಬಾಸಿಡರ್, ಪ್ರೀಮಿಯರ್‌ನವರ ಫಿಯಟ್ 1100, ಮದರಾಸಿನ ಸ್ಟಾಂಡರ್ಡ್ ಹೆರಾಲ್ಡ್. ಅಂಬಾಸಿಡರಿನ ಸುಖ ಗಾದೆಯಂತಾಗಿತ್ತು. ಅದರ ಕಾರಣ ಸರಳ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2464 ಮಿಲಿಮೀಟರು, ಚಕ್ರಗಳು 15 ಇಂಚಿನವು, ಟೈರಿನ ಗೋಡೆ ಎತ್ತರ, ತೂಕ ಒಂದು ಟನ್ನಿಗೂ ಮೇಲೆ. ಮುಂದೆ ಉದ್ದನೆಯ ಉಕ್ಕಿನ ಸರಳು ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತಿತ್ತು, ಹಿಂದೆ ಕಮಾನು ಪಟ್ಟಿ. ಫಿಯಟ್ಟಿಗೆ ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿ. ಅದು ಅಂಬಾಸಿಡರಿಗಿಂತ ಹಗುರ, ತಿರುವಿನಲ್ಲಿ ಚುರುಕು. ಒಂದು ಗಾಡಿಯಲ್ಲಿ ಕೂರುವ ಸುಖ, ಇನ್ನೊಂದರಲ್ಲಿ ಓಡಿಸುವ ಸುಖ ಎಂದು ಅಂದಿನವರು ಹಂಚಿಕೊಂಡಿದ್ದರು.

ಹೆರಾಲ್ಡಿನ ಕತೆಯಲ್ಲಿ ಒಂದು ಪಾಠವಿದೆ. 1961ರಲ್ಲಿ ಬಂದ ಈ ಕಾರಿನ ನಾಲ್ಕೂ ಚಕ್ರಗಳು ಸ್ವತಂತ್ರವಾಗಿ ಏರಿಳಿಯುತ್ತಿದ್ದವು. ಕಾಗದದ ಮೇಲೆ ಮೂರರಲ್ಲಿ ಇದೇ ಮುಂದುವರಿದದ್ದು. ಆದರೆ ಅದರ ಹಿಂದಿನ ಅಚ್ಚಿನ ರಚನೆಯನ್ನು ರಿಪೇರಿ ಮಾಡಲು ನಮ್ಮ ಮೆಕ್ಯಾನಿಕ್ಕುಗಳು ಹಿಂಜರಿಯುತ್ತಿದ್ದರು. 1972ರಲ್ಲಿ ಅದೇ ಕಂಪನಿ ತಂದ ಗೆಜೆಲ್ ಕಾರಿನಲ್ಲಿ ಹಿಂದಕ್ಕೆ ಮತ್ತೆ ಹಳೆಯ ರೀತಿಯ ಅಖಂಡ ಅಚ್ಚನ್ನೇ ಹಾಕಲಾಯಿತು. ಹೊಸತರಲ್ಲಿ ಎಷ್ಟೇ ಹಿತವಾಗಿರಲಿ, ಊರಿನಲ್ಲಿ ಕೈ ಹಚ್ಚುವ ಮೆಕ್ಯಾನಿಕ್ಕು ಸಿಗದ ಗಾಡಿಯ ಸುಖ ಬಹಳ ಕಾಲ ನಿಲ್ಲುವುದಿಲ್ಲ. ಇಂದು ಹಳೆಯ ಫಿಯಟ್ ಪುಂಟೋ ಕೊಳ್ಳುವವರೂ ಈ ಪಾಠವನ್ನು ಓದಬೇಕು.

ಅಂದು ಲೈಸೆನ್ಸಿನ ಕಾಲ. ಎಷ್ಟು ಕಾರು ತಯಾರಿಸಬೇಕು ಎಂಬುದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು; 1969ರಿಂದ ಬೆಲೆಗೂ ನಿಯಂತ್ರಣ ಬಂತು. ಹೊಸ ಫಿಯಟ್ಟಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹಳೆಯ ಕಾರಿಗೆ ಹೊಸದರ ಬೆಲೆಯೇ ಬಂದರೂ ಆಶ್ಚರ್ಯವಿರಲಿಲ್ಲ. ಕೊಳ್ಳುವವರಿಗೆ ಆರಿಸುವ ಅವಕಾಶವೇ ಇಲ್ಲದಿದ್ದಾಗ ಸುಖದ ಪ್ರಶ್ನೆ ಎಲ್ಲಿಂದ ಬರಬೇಕು?

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮನೆಮಂದಿಯ ಕಾರು ಎಂಬ ಮಾತಿಗೆ ಅರ್ಥ ಬಂದದ್ದು ಆಗ. ಕ್ಲಚ್ಚು ಹಗುರ, ಗೇರು ಸಲೀಸು, ಚಳಿಯ ಬೆಳಿಗ್ಗೆಯೂ ಒಂದೇ ಸಲಕ್ಕೆ ಸ್ಟಾರ್ಟು. ಆದರೆ ಚಕ್ರಗಳ ನಡುವಿನ ಅಂತರ ಕಡಿಮೆ, ಚಕ್ರ 12 ಇಂಚಿನದು. ಅಂಬಾಸಿಡರು ದಾಟಿಹೋಗುತ್ತಿದ್ದ ಹಳ್ಳಕ್ಕೆ ಇದು ಇಳಿದು ಹತ್ತುತ್ತಿತ್ತು. ಓಡಿಸುವವರು ಹಿಗ್ಗಿದರು, ಹಿಂದೆ ಕುಳಿತ ಹಿರಿಯರು ಹಳೆಯ ಗಾಡಿಯನ್ನೇ ನೆನೆದರು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸು ಬೇಕಿಲ್ಲವೆಂದಾದ ಮೇಲೆ ಬಾಗಿಲು ತೆರೆಯಿತು. ಜೆನ್, ಎಸ್ಟೀಮ್, 1998ರಲ್ಲಿ ಸ್ಯಾಂಟ್ರೋ, ಇಂಡಿಕಾ, ಹೋಂಡಾ ಸಿಟಿ, ಮರುವರ್ಷ ಫೋರ್ಡ್ ಐಕಾನ್. ಅಂದಿನಿಂದ ಪಟ್ಟಿ ಬೆಳೆಯುತ್ತಲೇ ಇದೆ.

ವಿಶ್ವೇಶ್ವರಯ್ಯನವರು ಬಯಸಿದ್ದು ನಮ್ಮ ಪಶ್ಚಿಮ ದಿಕ್ಕಿಗೇ ಕೊನೆಗೂ ಬಂತು, ಅರವತ್ತು ವರ್ಷ ತಡವಾಗಿ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಅಲ್ಲಿನ ಕಾರ್ಖಾನೆಯಿಂದ 2000ದ ಜನವರಿಯಲ್ಲಿ ಕ್ವಾಲಿಸ್ ವಾಹನವನ್ನು ಹೊರತಂದಿತು. ಕ್ವಾಲಿಸ್ಸಿನ ಹಿಂದೆ ಇದ್ದದ್ದು ಕಮಾನು ಪಟ್ಟಿಯೇ. ಎಂಟು ಜನ ಕುಳಿತರೆ ಚೆನ್ನಾಗಿ ನಡೆಯುತ್ತಿತ್ತು, ಒಬ್ಬರೇ ಕುಳಿತರೆ ಕುಪ್ಪಳಿಸುತ್ತಿತ್ತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದಲ್ಲಿ ಹಿಂದೆ ಸುರುಳಿ ಸ್ಪ್ರಿಂಗು ಬಂತು; ಅಚ್ಚನ್ನು ಹಿಡಿಯಲು ಬೇರೆ ಕೊಂಡಿಗಳು. ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರು ಓಡಿದ ಮೇಲೂ ಇನ್ನೋವಾದ ಹಿಂದಿನ ಸೀಟಿನ ಹಿತ ಹೆಚ್ಚು ಕೆಡುವುದಿಲ್ಲ ಎಂದು ಜನ ಹೇಳುವುದಕ್ಕೆ ಕಾರಣ ಈ ಬದಲಾವಣೆ ಮತ್ತು ಆ ಉದ್ದನೆಯ ಮೈ. ಒಂದೇ ಕಾರ್ಖಾನೆ, ಐದು ವರ್ಷದ ಅಂತರ, ಎರಡು ಬೇರೆ ಬೇರೆ ಸವಾರಿಗಳು. ಹೆಸರು ನೋಡಿ ಕೊಳ್ಳಬೇಡಿ, ಅಡಿಯಲ್ಲಿ ಏನಿದೆ ನೋಡಿ ಎಂದು ಹೇಳುವುದು ಇದಕ್ಕೇ.

ಹಳೆಯ ಗಾಡಿಗಳ ಪೈಕಿ ಹಳ್ಳಕೊಳ್ಳದ ರಸ್ತೆಯಲ್ಲಿ ಹಿತ ಮತ್ತು ವೇಗದಲ್ಲಿ ಹಿಡಿತ ಎರಡೂ ಕೊಡುತ್ತವೆ ಎಂದು ಹೆಸರಾದವು ಕೆಲವಿವೆ. 2009ರ ಪುಂಟೋ, 2010ರ ಫಿಗೊ, 2012ರ ರೆನೋ ಡಸ್ಟರ್ ಆ ಸಾಲಿನವು. ಇವುಗಳಲ್ಲಿ ಡಸ್ಟರಿಗೆ ನನ್ನ ಮತ. ಆದರೆ ಫಿಯಟ್ ನಮ್ಮ ಮಾರುಕಟ್ಟೆಯನ್ನು ಬಿಟ್ಟಿತು. ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಸಾರಿತು. ಆದ್ದರಿಂದ ಬೆಲೆ ಕೇಳುವ ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿ. ಇನ್ನೊಂದು ಮಾತು: ಒಂದೇ ಕಾರಿನ ದುಬಾರಿ ಮಾದರಿಗೆ ದೊಡ್ಡ ಅಲಾಯ್ ಚಕ್ರ ಮತ್ತು ತೆಳು ಟೈರು ಹಾಕಿರುತ್ತಾರೆ. ನೋಡಲು ಚೆಂದ. ಟೈರಿನ ಗೋಡೆ ಗಿಡ್ಡವಾದಷ್ಟೂ ಒಳಗಿನ ಗಾಳಿ ಕಡಿಮೆ, ಪೆಟ್ಟು ಹೆಚ್ಚು. ಹಿತ ಬೇಕಾದವರಿಗೆ ನಡುವಿನ ಮಾದರಿಯೇ ಮೇಲು.

ಇನ್ನು ದಾಖಲೆಯನ್ನು ಓದುವ ಕ್ರಮ. ಚರಿತ್ರಕಾರರು ಒಂದೇ ಆಧಾರವನ್ನು ನಂಬುವುದಿಲ್ಲ. ಒಂದನ್ನು ಇನ್ನೊಂದರ ಎದುರು ನಿಲ್ಲಿಸಿ ನೋಡುತ್ತಾರೆ. ನೀವೂ ಹಾಗೆಯೇ ಮಾಡಿ. ಮೀಟರು 18 ಸಾವಿರ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಕಾರು 2016ರದ್ದು, ನಾಲ್ಕೂ ಟೈರು 2019ರವು, ಓಟ ಮಾತ್ರ 18 ಸಾವಿರ ಎಂದರೆ ಎಲ್ಲೋ ಸುಳ್ಳಿದೆ ಎಂದು ಅನುಮಾನಿಸಬೇಕು. ಟೈರು ಸಾಮಾನ್ಯವಾಗಿ ನಲವತ್ತು ಸಾವಿರದ ಆಸುಪಾಸು ಬಾಳುತ್ತದೆ. ಬ್ರೇಕಿನ ಪೆಡಲಿನ ರಬ್ಬರು, ಚಾಲಕನ ಸೀಟಿನ ಬಲ ಅಂಚು, ಸ್ಟಿಯರಿಂಗಿನ ಹೊಳಪು, ಇವು ಮೀಟರಿನಂತೆ ತಿರುಗಿಸಲು ಬಾರದ ಸಾಕ್ಷಿಗಳು. ಸರ್ವಿಸಿನ ದಾಖಲೆ ಪ್ರತಿ ಭೇಟಿಯ ಕಿಲೋಮೀಟರನ್ನು ಹೇಳುತ್ತದೆ. ಕಾಲಡಿಯ ಹಾಸನ್ನು ಎತ್ತಿ ಮೂಸಿ ನೋಡಿ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವ ಭಾಗದ ನೆರೆಯಲ್ಲಿ ನಿಂತ ಕಾರುಗಳೂ ಒಣಗಿ, ತೊಳೆದುಕೊಂಡು ಮಾರಾಟಕ್ಕೆ ಬಂದಿರಬಹುದು. ನೀರು ಕುಡಿದ ಗಾಡಿಯ ವಾಸನೆ ಬೇಗ ಹೋಗುವುದಿಲ್ಲ.

ಕಡಿಮೆ ಓಡಿದ ಹಳೆಯ ಕಾರು ಎಂದರೆ ಎಲ್ಲರಿಗೂ ಆಸೆ. ಎಚ್ಚರ. ಸವಾರಿಯ ಹಿತವನ್ನು ಹಿಡಿದಿಡುವ ಭಾಗಗಳಲ್ಲಿ ಅರ್ಧ ರಬ್ಬರಿನವು. ಕೊಂಡಿಗಳ ಬುಷ್ಷು, ಸ್ಟ್ರಟ್ಟಿನ ಮೇಲಿನ ಮೌಂಟು, ಎಂಜಿನ್ನಿನ ಮೌಂಟು. ರಬ್ಬರಿಗೆ ವಯಸ್ಸಾಗುವುದು ಕಿಲೋಮೀಟರಿನಿಂದ ಮಾತ್ರವಲ್ಲ, ಬಿಸಿಲಿನಿಂದ, ವರ್ಷಗಳಿಂದ. ಹತ್ತು ವರ್ಷ ಮನೆಯ ಮುಂದೆ ನಿಂತೇ ಇದ್ದ ಗಾಡಿಗಿಂತ ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದ ಗಾಡಿ ಚೆನ್ನಾಗಿರಬಹುದು.

ನಿಂತ ಗಾಡಿಯ ಒಂದೊಂದು ಮೂಲೆಯನ್ನೂ ಎರಡು ಕೈಯಿಂದ ಒತ್ತಿ ಬಿಡಿ. ಮೇಲೆದ್ದು ಒಮ್ಮೆಗೇ ನೆಲೆಗೊಂಡರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಅದರ ಮೈಮೇಲೆ ಎಣ್ಣೆ ಜಿನುಗಿದ ಗುರುತಿದ್ದರೂ ಅದೇ ಅರ್ಥ. ಬಳಿಕ ಓಡಿಸಿ ನೋಡಿ, ಆದರೆ ಮಾರುವವರು ಹೇಳಿದ ನುಣುಪು ರಸ್ತೆಯಲ್ಲಲ್ಲ. ನಮ್ಮ ಪಶ್ಚಿಮ ಭಾಗಕ್ಕಿಂತ ಒಳ್ಳೆಯ ಪರೀಕ್ಷಾ ಕೊಠಡಿ ಬೇರೆಲ್ಲಿದೆ! ಬಸವೇಶ್ವರನಗರದ ಒಳಬೀದಿಗಳ ಹಂಪುಗಳ ಮೇಲೆ ನಿಧಾನವಾಗಿ ಹೋಗಿ, ರೇಡಿಯೋ ಆರಿಸಿ, ಕಿಟಕಿ ಏರಿಸಿ. ಟಕ್ ಟಕ್ ಎಂಬ ಒಣ ಸದ್ದು ಬಂದರೆ ಬುಷ್ಷು ಹೋಗಿದೆ. ಕಾಮಾಕ್ಷಿಪಾಳ್ಯದ ಕಾರ್ಖಾನೆಗಳ ನಡುವಿನ ಲಾರಿ ಓಡುವ ರಸ್ತೆಯಲ್ಲಿ ಸ್ಟಿಯರಿಂಗು ಕೈಯಲ್ಲಿ ನಡುಗುತ್ತದೆಯೇ ಗಮನಿಸಿ. ಸಂಜೆಯ ಮಾಗಡಿ ರಸ್ತೆಯಲ್ಲಿ ಅರ್ಧ ಗಂಟೆ ಸಿಕ್ಕಿಬಿದ್ದು ನೋಡಿ. ಎಡಗಾಲು ನೋಯಿಸುವ ಕ್ಲಚ್ಚು ಎಂಥ ಸುಖದ ಸೀಟನ್ನೂ ವ್ಯರ್ಥ ಮಾಡುತ್ತದೆ. ಕೊನೆಗೆ ಕೆಂಗೇರಿ ದಾಟಿ ಮೈಸೂರು ರಸ್ತೆಗೆ ಹೊರಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಲ್ಲಿ ಎಂಬತ್ತರ ವೇಗಕ್ಕೆ ಗಾಡಿ ನೆಲಕ್ಕೆ ಅಂಟಿದಂತೆ ನಡೆಯಬೇಕು. ಲಾರಿ ದಾಟುವಾಗ ಪಕ್ಕಕ್ಕೆ ಸರಿಯಬಾರದು. ಹೋಗುವಾಗ ಓಡಿಸುವವರು ನೋಡಲಿ. ಬರುವಾಗ ಮನೆಯ ಹಿರಿಯರೊಬ್ಬರು ಹಿಂದಿನ ಸೀಟಿನಲ್ಲಿ ಕುಳಿತು ತೀರ್ಪು ಹೇಳಲಿ. ಅವರ ಮಾತಿಗೆ ಮೆಕ್ಯಾನಿಕ್ಕಿನ ಮಾತಿನಷ್ಟೇ ಬೆಲೆ ಕೊಡಿ.

ಕಾಗದಪತ್ರವೂ ಚರಿತ್ರೆಯೇ. ಕೆಎ 02 ಎಂದಿದ್ದರೆ ರಾಜಾಜಿನಗರದ ಆರ್.ಟಿ.ಓ. ಕಚೇರಿ, ಕೆಎ 41 ಎಂದರೆ ಜ್ಞಾನಭಾರತಿ. ಆರ್.ಸಿ.ಯಲ್ಲಿ ಎಷ್ಟನೆಯ ಮಾಲೀಕರು, ಬ್ಯಾಂಕಿನ ಸಾಲ ತೀರಿದೆಯೇ, ಎಂಜಿನ್ ಮತ್ತು ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಹೊರರಾಜ್ಯದ ಗಾಡಿ ಅಗ್ಗವೆಂದು ಕಂಡರೆ, ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲು ಹೊಸ ನೋಂದಣಿ ಬೇಕು, ಕರ್ನಾಟಕದ ಆಜೀವ ತೆರಿಗೆಯೂ ಬೀಳುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೆಸರು ಬದಲಾಯಿಸದೆ ಕೈಯಿಂದ ಕೈಗೆ ಓಡಾಡಿದ ಕಾರು ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದ್ದೇ ಎಂದು ಸುಪ್ರೀಂ ಕೋರ್ಟು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಿಮ್ಮ ಮನೆಯ ಹಳೆಯ ಗಾಡಿಯನ್ನು ಮಾರುವಾಗಲೂ ಇದನ್ನು ನೆನಪಿಡಿ. ವಿಮೆಯ ವರ್ಗಾವಣೆಗೂ 14 ದಿನದ ಗಡುವೇ.

ಚೌಕಾಸಿ ಮಾಡುವಾಗ ಪೂರ್ತಿ ಹಣವನ್ನು ಗಾಡಿಯ ಬೆಲೆಗೇ ಸುರಿಯಬೇಡಿ. ನಾಲ್ಕು ಟೈರು, ಶಾಕ್ ಅಬ್ಸಾರ್ಬರ್ ಮತ್ತು ಬುಷ್ಷುಗಳಿಗೆ ಬೇಕಾಗುವ ಮೊತ್ತವನ್ನು ಮೊದಲೇ ಮೆಕ್ಯಾನಿಕ್ಕಿನಿಂದ ಬರೆಸಿಕೊಂಡು ಬದಿಗಿಡಿ. ಹಳೆಯ ಗಾಡಿಗೆ ಹೊಸ ನಡಿಗೆ ಬರುವುದು ಮ್ಯೂಸಿಕ್ ಸಿಸ್ಟಮ್ಮಿನಿಂದಲ್ಲ, ಸೀಟಿನ ಹೊಸ ಕವರಿನಿಂದಲೂ ಅಲ್ಲ, ಈ ಮೂರರಿಂದ. ಇವನ್ನು ಬದಲಾಯಿಸಿದ ಮೇಲೆ ಟೈರಿನ ಗಾಳಿಯನ್ನು ಚಾಲಕನ ಬಾಗಿಲಿನ ಅಂಚಿನಲ್ಲಿ ಬರೆದಿರುವ ಅಳತೆಗೇ ತುಂಬಿಸಿ. ಬಂಕಿನವರು ಎರಡು ಅಂಶ ಹೆಚ್ಚು ಹಾಕುತ್ತೇನೆಂದರೆ ಬೇಡವೆನ್ನಿ.